ಲಗೇಜು ಟಿಕೇಟು

ತಾಳವಾಡಿಯಿಂದ ಸತ್ಯಮಂಗಲಕ್ಕೆ ಆರೂ ಕಾಲಿನ ಬಸ್ಸು.
ಬೋರ್ಡು ತಮಿಳಿನಲ್ಲಿ, ಜಗಳ ಕನ್ನಡದಲ್ಲಿ.
ಬಸ್ಸು ಹೊಸತು. ಹೊಗೆಯಿಲ್ಲ, ಗೇರಿನ ಕೋಲಿಲ್ಲ,
ಕೀಲಿ ತಿರುಗಿಸಿದರೆ ಏನೂ ಆಗುವುದಿಲ್ಲ;
ಅಂದರೆ, ಆಗಿರುತ್ತದೆ, ನಮಗೆ ಕೇಳಿರುವುದಿಲ್ಲ.
ಮೊದಲ ದಿನ ಜನ ಹತ್ತಿ ಕೂತು
"ಯಾವಾಗಪ್ಪ ಸ್ಟಾರ್ಟು?" ಎನ್ನುವಷ್ಟರಲ್ಲಿ
ಕಿಟಕಿಯಲ್ಲಿ ಅರಿಸಿನದ ಹೊಲ ಓಡುತ್ತಿತ್ತು.

ಸ್ಟೇರಿಂಗಿನ ಹಿಂದೆ ಬೆಳ್ಳಪ್ಪ.
ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು,
ಮರಳುಗಾಡಿನಲ್ಲಿ ಎರಡು ಜೀವದ ಟ್ರಯಲ್ ಗಾಡಿ ಓಡಿಸಿದವನು.
ಡೀಸೆಲ್ ಒಂದು ಜೀವ, ಬ್ಯಾಟರಿ ಇನ್ನೊಂದು.
"ಹತ್ತಿರ ಹೋದಮೇಲೆ ಎಂಜಿನ್ ಆಫ್.
ರಾತ್ರಿಯೆಲ್ಲ ಕರೆಂಟಿನಲ್ಲೇ ಕಾಯೋದು.
ರೇಡಿಯೋಗೆ ಜೀವ ಇರಬೇಕು, ಕ್ಯಾಮರಾಗೆ ಕಣ್ಣಿರಬೇಕು,
ನಾವಿದ್ದೀವಿ ಅಂತ ಮಾತ್ರ ಯಾರಿಗೂ ತಿಳೀಬಾರದು."
ಅಷ್ಟೇ ಹೇಳುತ್ತಾನೆ. ಯಾರಿಗೆ ತಿಳಿಯಬಾರದಿತ್ತು ಎಂದರೆ
ವೈಪರ್ ಹಾಕುತ್ತಾನೆ,
ಮಳೆಯಿಲ್ಲದಿದ್ದರೂ.

ಹಾಸನೂರಿನ ಆಚೆ ಕಾಡು.
ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳಿಗೆ
ಹಳೆಯ ಬಸ್ಸಿನ ಗೊರಗೊರ ಮೈಲಿಯಾಚೆಗೇ ಗೊತ್ತಾಗುತ್ತಿತ್ತು.
ಸರಿಯುತ್ತಿದ್ದವು, ಇಲ್ಲವೇ ಸರಿಯುತ್ತಿರಲಿಲ್ಲ, ಅವುಗಳ ಮರ್ಜಿ.
ಈಗ ನಾವು ತಿರುವಿನಲ್ಲಿ
ಬಾಲದ ಪಕ್ಕದಲ್ಲೇ ಹುಟ್ಟಿಬಿಡುತ್ತೇವೆ.
ಆ ಬುಧವಾರ ಹೆಣ್ಣಾನೆ, ಹೊಟ್ಟೆಯಡಿ ಮರಿ.
ಬೆಳ್ಳಪ್ಪ ನಿಲ್ಲಿಸಿದ.
ಬಸ್ಸು ನಿಂತಿದೆಯೋ ಇಲ್ಲವೋ
ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಐವತ್ತೆರಡು ಜನರ ಉಸಿರು, ಚಿಲ್ಲರೆ ಚೀಲದ ಮೇಲೆ ನನ್ನ ಕೈ.
ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಸೀನಿತು.
ಆನೆಯ ಕಿವಿ ಬೀಸುವುದು ನಿಂತಿತು.
ಬೆಳ್ಳಪ್ಪ ಗಾಜಿಗೆ ಬಾಗಿ, ಮೆಲ್ಲಗೆ, ನಮ್ಮೂರ ಮಾತಿನಲ್ಲೇ,
"ತಾಯಿ, ನಾವಿದ್ದೀವಿ" ಅಂದ.
ಇನ್ನೊಮ್ಮೆ ಅಂದ.
ಆಮೇಲೆ ರಸ್ತೆ ಖಾಲಿಯಿತ್ತು.

ದಿಂಬಂ. ಇಲ್ಲಿಂದ ಕೆಳಗೆ ಇಪ್ಪತ್ತೇಳು ತಿರುವು.
ಮೊದಲೆಲ್ಲ ಬ್ರೇಕು ಸುಟ್ಟ ವಾಸನೆಗೆ ಸೆರಗು ಮೂಗಿಗೇರುತ್ತಿತ್ತು.
ಈಗ ಪೆಡಲಿನಿಂದ ಕಾಲೆತ್ತಿದರೆ ಸಾಕು,
ಮೋಟಾರೇ ಹಿಂದಕ್ಕೆ ಜಗ್ಗುತ್ತದೆ, ಜಗ್ಗುತ್ತ ಕರೆಂಟು ಕರೆಯುತ್ತದೆ.
ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದವರನ್ನು ನಕ್ಕಿದ್ದೆವು.
ಇಲ್ಲಿ ಎತ್ತು ಈಯುತ್ತದೆ,
ಹಾಲೂ ಕೊಡುತ್ತದೆ.
ಪರದೆಯ ಮೇಲೆ ಐವತ್ತೆಂಟು ಇದ್ದದ್ದು
ಅರ್ಧ ಘಾಟಿಗೆ ಅರವತ್ತೊಂದು.

"ಏನದು, ಏರ್ತಾ ಅದೆ?" ಅಂದಳು
ಮುಂದಿನ ಸೀಟಿನ ದೊಡ್ಡತಾಯಮ್ಮ. ಆರು ಮೂಟೆ ಎಲೆಕೋಸಿನ ಒಡತಿ.
ಹೇಳಿದೆ: ಇಳಿಯುವ ಭಾರವೇ ಕರೆಂಟು, ಭಾರ ಹೆಚ್ಚಿದಷ್ಟೂ ಹೆಚ್ಚು.
ಹೇಳಬಾರದಿತ್ತು.
"ಹಂಗಂದ್ರೆ ನನ್ ಕೋಸು ನಿನ್ ಬಸ್ಸಿಗೆ ಕರೆಂಟು ಕೊಡ್ತಾ ಅದೆ?"
"ಅರ್ಧ ಯೂನಿಟ್ಟು ಇರಬಹುದು, ಅಮ್ಮ."
"ಅರ್ಧ ಯೂನಿಟ್ಟಲ್ಲಿ ನಮ್ಮನೆ ಬಲ್ಬು ಒಂದ್ರಾತ್ರಿ ಉರೀತದೆ.
ಅದ್ಕೂ ಲಗೇಜು ಟಿಕೇಟಾ?"

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು.
ಹತ್ತುವಾಗ ಹತ್ತು ತಿಂದರೆ ಇಳಿಯುವಾಗ ಆರು ಕೊಡುತ್ತದೆ,
ಮಿಕ್ಕಿದ್ದು ಗಾಳಿಗೆ, ಟೈರಿಗೆ, ಬಿಸಿಗೆ ಎಂದೆಲ್ಲ
ಟ್ರೇನಿಂಗಿನಲ್ಲಿ ಕೇಳಿದ್ದನ್ನು ಒಪ್ಪಿಸಿದೆ.
"ಹತ್ತೋವಾಗ ನನ್ ಕೈಲಿ ಏನದೆ?
ಆರು ಖಾಲಿ ಚೀಲ, ಹತ್ರೂಪಾಯಿ ಕಡ್ಲೆಪುರಿ.
ಅದುನ್ನ ತೂಕುಕ್ಕಾಕು."

ಮೆಷೀನಿನಲ್ಲಿ ಇದಕ್ಕೆ ಗುಂಡಿಯಿಲ್ಲ.
ಬೆಳ್ಳಪ್ಪನ ಹೆಗಲು ಕುಲುಕುತ್ತಿತ್ತು, ಹನ್ನೊಂದನೇ ತಿರುವು
ಸ್ವಲ್ಪ ಅಗಲವಾಗಿಯೇ ಹೋಯಿತು.
ಬಣ್ಣಾರಿಗೆ ಅರವತ್ತಮೂರು.
ಅವಳು ಸೊಂಟದ ಚೀಲದಿಂದ ಒಂದೊಂದೇ ನಾಣ್ಯ ಎಣಿಸಿ
ಪೂರ್ತಿ ಕಾಸು ಕೊಟ್ಟಳು.
"ಬರ್ಕೊ. ಅರ್ಧ ಯೂನಿಟ್ಟುನ್ನೂ ಬರ್ಕೊ."

ಸಂಜೆ ಟ್ರಿಪ್ ಶೀಟಿನಲ್ಲಿ ಚಾರ್ಜು ಹೆಚ್ಚಲು ಕಾರಣ ಎಂಬಲ್ಲಿ
ಕನ್ನಡದಲ್ಲೇ ಬರೆದೆ: ಕೋಸು.
ಈರೋಡಿನಿಂದ ಹಾಳೆ ವಾಪಸು ಬಂತು,
ಪದದ ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ಪ್ರಶ್ನೆ.
ಉತ್ತರ ಇನ್ನೂ ಬರೆದಿಲ್ಲ.
ಅವಳು ಮಾತ್ರ ಮಾರನೇ ದಿನ
ಎಂಟು ಮೂಟೆ ತಂದಳು.