ತಳದ ತೂತು

ಕೆಟಲಿನ ಮೂತಿ ಮುರಿದದ್ದು ನನ್ನ ಮದುವೆಯ ವರ್ಷ.
ನೀಲಿ ಎನಾಮೆಲ್ಲು, ಹೊಟ್ಟೆಯ ಮೇಲೊಂದು ಬಿಳಿ ಹೂವು.
ಒಲೆಗೆ ಬಾರದ್ದು ಬಾಲ್ಕನಿಗೆ ಬರುತ್ತದೆ ಎಂಬುದು
ಟಿಬಿಲಿಸಿಯ ನಮ್ಮ ಓಣಿಯ ಕಾನೂನು.

ಹಾಗೇ ಬಂದವು:
ಟೊಮೇಟೊ ಪೇಸ್ಟಿನ ಡಬ್ಬದಲ್ಲಿ ಕೊತ್ತಂಬರಿ,
ಗಂಡ ಬಣ್ಣ ಕಲಸುತ್ತಿದ್ದ ಬಕೆಟ್ಟಿನಲ್ಲಿ ಸಬ್ಬಸಿಗೆ,
ಬಿರುಕುಬಿಟ್ಟ ಮೊಸರಿನ ಗಡಿಗೆಯಲ್ಲಿ ನೇರಳೆ ಕಾಮಕಸ್ತೂರಿ.
ಕೆಟಲಿನಲ್ಲಿ ತಾರ್ಖುನಾ,
ಸೋಂಪಿನ ವಾಸನೆ, ಅಗಿದರೆ ನಾಲಿಗೆ ಜುಮ್ಮೆನ್ನುವ ಎಲೆ.

ಅದು ಬೀಜ ಕಟ್ಟುವುದಿಲ್ಲ.
ಹೂ ಬಿಡುವಂತೆ ಮಾಡುತ್ತದೆ, ಅಷ್ಟೆ,
ನಾಲ್ಕನೇ ಮಹಡಿಯ ಗಾಯಕ ಗಂಟಲು ಸರಿಮಾಡಿಕೊಂಡ ಹಾಗೆ.
ಬೇಕಾದವರು ಬೇರನ್ನೇ ಸೀಳಬೇಕು,
ಚಾಕು ಹಾಕಿ, ಕಣ್ಣು ಮುಚ್ಚಿಕೊಂಡು.
ನನ್ನದು ಅತ್ತೆಯ ಗಿಡದ ಚೂರು,
ಅತ್ತೆಯದು ಹೆರಿಗೆ ಆಸ್ಪತ್ರೆಯ ಯಾವಳೋ ದಾದಿಯ ಗಿಡದ ಚೂರು.
ಹುಡುಕುತ್ತ ಹೋದರೆ ಇಡೀ ಊರಿಗೆ ಒಂದೇ ಗಿಡವೇನೋ,
ಸಾವಿರ ಪಾತ್ರೆ.

ಎರಡನೇ ಮಹಡಿಯ ಲಾಮಾರಾಗೂ ಒಂದು ಚೂರು ಕೊಟ್ಟಿದ್ದೆ,
ಮಾತಿದ್ದ ಕಾಲದಲ್ಲಿ.

ಮಾತು ಹೋದದ್ದು ಹನಿಯಿಂದ.
ನಾನು ಗಿಡಕ್ಕೆ ನೀರು ಹಾಕುವ ಹೊತ್ತೂ
ಅವಳು ಬಟ್ಟೆ ಹರವುವ ಹೊತ್ತೂ ಒಂದೇ ಆಗಿ,
ಮಣ್ಣು ಬೆರೆತ ಕಂದು ಹನಿ
ಅವಳ ಮಗಳ ಮದುವೆಯ ಮೇಜುಬಟ್ಟೆಯ ಮೇಲೆ.
ಅವಳು ನನ್ನ ವಂಶವನ್ನೆಲ್ಲ ಎತ್ತಿ ಆಡಿದಳು.
ನಾನು ಅವಳ ಬೀನ್ಸಿಗೆ ಉಪ್ಪಿಲ್ಲ ಎಂದೆ.
ನಮ್ಮ ಮೆಟ್ಟಿಲುಗಳಲ್ಲಿ ಅದು ಸಣ್ಣ ಮಾತಲ್ಲ.

ಏಳು ವರ್ಷ.
ಎದುರಾದರೆ ಇಬ್ಬರೂ ಗೋಡೆಯ ಸುಣ್ಣ ಓದುತ್ತಿದ್ದೆವು.

ಮೊದಲು ಪಾತ್ರೆಗಳ ಕೆಳಗೆ ತಟ್ಟೆ ಇಟ್ಟೆ.
ಹೋದ ಶರತ್ಕಾಲ, ತಟ್ಟೆ ತುಂಬಿ ಹರಿದ ರಾತ್ರಿ,
ಒಂದು ಹನಿಯೂ ಅವಳ ಕಡೆ ಇಳಿಯಕೂಡದೆಂದು
ಎಲ್ಲ ತಳದ ತೂತುಗಳಿಗೂ
ವೈನ್ ಬಾಟಲಿಯ ಬಿರಡೆ ಬಡಿದೆ.
ಗೆದ್ದೆ ಅಂದುಕೊಂಡೆ.

ಮಾರ್ಚಿನಲ್ಲಿ ಕೆಟಲನ್ನು ಬೋರಲು ಹಾಕಿದರೆ
ಒಣಗಿದ ಕಡ್ಡಿ, ಕೆಳಗೆ ಕಪ್ಪು ಲೋಳೆ,
ಹಾಳುಬಾವಿಯ ನಾತ.
ಅತ್ತೆ ಸತ್ತಳೆಂದು ಅವತ್ತು ಅತ್ತೆ,
ಹನ್ನೆರಡು ವರ್ಷ ತಡವಾಗಿ.

ಈಸ್ಟರಿಗೆ ಮೂರು ವಾರ.
ಕುರಿಮರಿಯ ಮಾಂಸ, ಹಸಿ ಹುಳಿ ಪ್ಲಮ್ಮು, ಬಿಳಿ ವೈನು,
ತಾರ್ಖುನಾ ಇಲ್ಲದಿದ್ದರೆ ಚಾಕಾಪುಲಿ
ಬರೀ ತೊಯ್ದ ಮಾಂಸ.
ಮಾರುಕಟ್ಟೆಯಲ್ಲಿ ಸಿಗುತ್ತದೆ, ಕಟ್ಟುಕಟ್ಟು, ಗೊತ್ತು.
ಕೊಂಡ ಸೊಪ್ಪಿಗೆ ಬೇರಿರುವುದಿಲ್ಲ.

ಶನಿವಾರ ಎಂದಿನಂತೆ ಹಗ್ಗದ ಬುಟ್ಟಿ ಇಳಿಬಿಟ್ಟೆ,
ಅಂಗಳದಲ್ಲಿ ಬ್ರೆಡ್ಡಿನ ಹುಡುಗ.
ಮೇಲೆಳೆಯುವಾಗ ನಡುವೆಲ್ಲೋ ಬುಟ್ಟಿ ತಡೆಯಿತು,
ಎರಡು ಉಸಿರಿನಷ್ಟು.
ಆಮೇಲೆ ಬಂತು, ಕೊಂಚ ಭಾರವಾಗಿ.

ಬಿಸಿ ಬ್ರೆಡ್ಡಿನ ಮಗ್ಗುಲಲ್ಲಿ
ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಬೇರು,
ಚಾಕುವಿನ ಗಾಯ ಇನ್ನೂ ಬಿಳಿ,
ಮೂರು ಮೊಳಕೆ, ಕಿರುಬೆರಳ ಉಗುರಿನಷ್ಟು.
ಚೀಟಿಯಿಲ್ಲ.
ಪತ್ರಿಕೆಯಲ್ಲಿ ಪದಬಂಧ, ಅರ್ಧ ತುಂಬಿಸಿದ್ದಳು.

ಅವಳಿಗೆ ಹೇಗೆ ತಿಳಿಯಿತೋ.
ಹನಿ ನಿಂತದ್ದು
ಕೆಳಗಿದ್ದವಳಿಗೇ ಮೊದಲು ಕೇಳಿಸಿರಬೇಕು.

ಬಿರಡೆ ಕಿತ್ತೆ. ಮೊಳೆ ಹಿಡಿದು
ಕೆಟಲಿಗೆ ಇನ್ನೆರಡು ತೂತು ಹೊಡೆದೆ,
ಕಟ್ಟಡಕ್ಕೆಲ್ಲ ಕೇಳಲಿ ಎಂದು.
ಒಡೆದ ತಟ್ಟೆಯ ಚೂರು, ಮರಳು, ಮಣ್ಣು, ಬೇರು.
ನೀರು ಹಾಕಿ, ಉಸಿರು ಹಿಡಿದು ಕಾದೆ.

ಟಪ್.
ಬಟ್ಟೆಯ ಮೇಲೆ ಬಿದ್ದ ಸದ್ದಲ್ಲ.
ಕಟಕಟೆಯಿಂದ ಬಗ್ಗಿ ನೋಡಿದರೆ
ನನ್ನ ಕೆಟಲಿನ ನೇರ ಕೆಳಗೆ
ಪಾರ್ಸ್ಲಿಯ ಬಕೆಟ್ಟು ಸರಿದು ಕೂತಿತ್ತು.

ಮೂರು ಮೊಳಕೆ ಈ ಈಸ್ಟರಿಗೆ ಸಾಲದು,
ಈ ಸಲ ಕೊಂಡೇ ತರಬೇಕು.
ಹಾಗೆ ನೋಡಿದರೆ, ಅವಳ ಬೀನ್ಸಿಗೆ
ಉಪ್ಪು ಸರಿಯಾಗಿಯೇ ಇತ್ತು.