ಮೂವತ್ತು ದಿನದ ಕಾಗದ

ಕ್ಯಾಲಿಫೋರ್ನಿಯಾದ ಉತ್ತರಕ್ಕೆ, ನಕ್ಷೆ ಮಡಚುವ ಗೆರೆಯಲ್ಲಿ ಸವೆದುಹೋದ
ನಮ್ಮ ಕೌಂಟಿಯ ಕಚೇರಿ ಹಲಗೆಗೆ
ಜನವರಿಯಲ್ಲಿ ನಾನೇ ಚುಚ್ಚಿದೆ ಒಂದು ಹಾಳೆ:
ಪರಿಸರ ಪರಿಶೀಲನೆಯಿಂದ ವಿನಾಯಿತಿ.
ಸ್ಥಳ: ಪಾರ್ಟ್ರಿಜ್ ದಿಬ್ಬ. ಎತ್ತರ: ನೂರೆಂಬತ್ತು ಅಡಿ.
ಉದ್ದೇಶ: ತುರ್ತು ಸಂಪರ್ಕ ಗೋಪುರ.
ಕಾರಣ ಎಂಬಲ್ಲಿ ಒಂದೂವರೆ ಸಾಲು.
ಮೂವತ್ತು ದಿನ ತೂಗಬೇಕು ಅದು,
ಕಳೆದುಹೋದ ಬೆಕ್ಕಿನ ಚಿತ್ರಕ್ಕೂ
ಮದುವೆ ಪರವಾನಗಿಯ ದರಪಟ್ಟಿಗೂ ನಡುವೆ.

ಒಂದೂವರೆ ಸಾಲಿನ ಕೆಳಗೆ ಏನಿದೆ, ನನಗೆ ಗೊತ್ತು.
ಬೆಂಕಿಯ ರಾತ್ರಿ ರೇಡಿಯೋ ಮುಂದೆ ಕೂತಿದ್ದವನು
ನನ್ನ ತಮ್ಮ ಆರಿನ್.
ಕಣಿವೆಯೊಳಗಿಂದ ಮರಿಸೆಲಾ ಕ್ವಿರೋಸ್ ಕರೆದಳು,
ನೀರಿನ ಟ್ರಕ್ಕು ಓಡಿಸುತ್ತಿದ್ದವಳು.
ಮೊದಲ ಸಲ ಅರ್ಧ ಹೆಸರು ಬಂತು.
ಎರಡನೇ ಸಲ ಬರೀ ಉಸಿರು, ಅದರ ಮೇಲೆ
ಕಾದ ಬಾಣಲೆಗೆ ನೀರು ಚಿಮುಕಿಸಿದಂಥ ಸದ್ದು.
ಆರಿನ್ ಓ ಅಂದ. ಓ ಅಂದೆ, ಕೇಳಿಸ್ತಾ, ಓ.
ಮಧ್ಯೆ ಪಾರ್ಟ್ರಿಜ್ ದಿಬ್ಬ
ಬೆನ್ನು ತಿರುಗಿಸಿ ಕೂತಿತ್ತು.
ಈಗಲೂ ಊಟದ ನಡುವೆ ತಟ್ಟನೆ ತಲೆಯೆತ್ತಿ
ಏನು? ಅನ್ನುತ್ತಾನೆ.
ಯಾರೂ ಏನೂ ಅಂದಿರುವುದಿಲ್ಲ.

ಹಾಗಾಗಿ ಸೀಲು ಒತ್ತುವಾಗ ಕೈ ನಡುಗಲಿಲ್ಲ.
ಒಂದು ವರ್ಷ ಕಾದರೆ ಇನ್ನೊಂದು ಸೆಪ್ಟೆಂಬರ್ ಬರುತ್ತದೆ.
ಅಷ್ಟೇ ಲೆಕ್ಕ.

ಮೂರನೇ ದಿನ ಬಂದಳು ಐಯೋನ್ ಟಟಲ್,
ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಎಂಬತ್ತೊಂದು ವರ್ಷ.
ಕನ್ನಡಕ ಹಣೆಗೇರಿಸಿ, ಮೂಗು ಹಾಳೆಗೆ ತಾಗುವಷ್ಟು ಹತ್ತಿರ ನಿಂತು
ಪೂರ್ತಿ ಓದಿದಳು, ಮೂಲೆಯ ನಮೂನೆ ಸಂಖ್ಯೆಯನ್ನೂ ಬಿಡದೆ.
ಇಪ್ಪತ್ತೆರಡು ವರ್ಷದಿಂದ, ಮೊದಲ ಮಳೆ ಬಿದ್ದ ಮಾರನೆ ದಿನ
ಆ ದಿಬ್ಬದ ಕಲ್ಲುಗಳನ್ನು ಒಂದೊಂದೇ ಎತ್ತಿ
ಅಡಿಯ ಸಲಮಾಂಡರ್‌ಗಳನ್ನು ಎಣಿಸುವವಳು;
ಎಣಿಸಿ, ನಿದ್ದೆಹೋದ ಮಗುವಿಗೆ ಕಂಬಳಿ ಎಳೆದ ಹಾಗೆ
ಕಲ್ಲನ್ನು ಮತ್ತೆ ಅಲ್ಲೇ ಇಡುವವಳು.
ಕಿರುಬೆರಳಿನಷ್ಟು ಉದ್ದ ಅವು. ಶ್ವಾಸಕೋಶವಿಲ್ಲ.
ಒದ್ದೆ ಚರ್ಮದಿಂದಲೇ ಉಸಿರು.
ಕೂಗಲಾರವು.

ಬೈಯಲು ಬಂದಿದ್ದಾಳೆಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.
'ಮರಿಸೆಲಾ ನನ್ನ ಬಸ್ಸಿನಲ್ಲೇ ಬರ್ತಿದ್ದಳು,' ಅಂದಳು,
'ಕಿಟಕಿ ಸೀಟಿಗೆ ದಿನಾ ಜಗಳ.
ಕಟ್ಟಲಿ ಗೋಪುರ. ನಾಳೆಯೇ ಕಟ್ಟಲಿ.
ಆದರೆ ಇಲ್ಲಿ, ಗಣನೀಯ ಪರಿಣಾಮ ಇಲ್ಲ ಅಂತ ಇದೆಯಲ್ಲ,
ಗಣನೆ ಮಾಡಿದವರು ಯಾರು?'

ಚೀಲದಿಂದ ಒಂದು ಗೆರೆಹಾಳೆ ತೆಗೆದಳು:
ವರ್ಷ, ತಾರೀಕು, ಕಲ್ಲು, ಎಷ್ಟು.
ಬೆಂಕಿ ಬಿದ್ದ ವರ್ಷ ಮೂರು.
ಹೋದ ವರ್ಷ ಹನ್ನೊಂದು; ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಒಂದು ಮರಿ.
'ಇದನ್ನು ಎಲ್ಲಿ ಕೊಡಬೇಕು?'

ಎಲ್ಲೂ ಇಲ್ಲ ಐಯೋನ್. ವಿನಾಯಿತಿ ಅಂದರೆ ಅದೇ,
ಕೇಳಬೇಕಾಗಿಲ್ಲ ಅಂತ ಕಾಯಿದೆಯೇ ಹೇಳುವುದು.
ಹೀಗೆ ಹೇಳುತ್ತಿರುವಾಗಲೇ, ಯಾಕೋ,
ಊಟದ ಮೇಜಿನಲ್ಲಿ ಆರಿನ್ ತಲೆಯೆತ್ತಿದ್ದು ಕಣ್ಣಿಗೆ ಬಂತು.

ಆಮೇಲೆ ಮಾಡಿದ್ದನ್ನು ಯಾವ ಸುತ್ತೋಲೆಯೂ ಮಾಡು ಅಂದಿಲ್ಲ,
ಮಾಡಬೇಡ ಅಂತಲೂ ಅಂದಿಲ್ಲ.
'ಸ್ವೀಕರಿಸಲಾಗಿದೆ' ಸೀಲಿನ ತಾರೀಕು ತಿರುಗಿಸಿ
ಅವಳ ಹಾಳೆಗೊಂದು ಒತ್ತಿ
ವಿನಾಯಿತಿಯ ಅಡಿಗೆ, ಅದೇ ಪಿನ್ನಿಗೆ ಸಿಕ್ಕಿಸಿದೆ.
ಗುತ್ತಿಗೆದಾರನ ಹುಡುಗ ಬಂದು ಫೋಟೋ ಹೊಡೆದುಕೊಂಡ;
ಎರಡನ್ನೂ ಹೊಡೆದನೋ ಒಂದನ್ನೋ, ನೋಡಲಿಲ್ಲ.

ಜೂನಿನಲ್ಲಿ ಮೊದಲ ಪರೀಕ್ಷೆ. ಆರಿನ್ ಇಲ್ಲಿಂದ ಕರೆದ.
ಕಣಿವೆಯ ತಳದಿಂದ ಯಾರೋ ಹೊಸ ಹುಡುಗಿ,
ಪಕ್ಕದ ಕೋಣೆಯಲ್ಲೇ ಇದ್ದಾಳೇನೋ ಎಂಬಷ್ಟು ಸ್ಪಷ್ಟವಾಗಿ,
ಓ ಅಂದಳು.
ಅವನು ಬಹಳ ಹೊತ್ತು ಬಟನ್ ಒತ್ತಿಯೇ ಕೂತಿದ್ದ,
ಮಾತಿಲ್ಲದೆ, ಇಡೀ ಕೌಂಟಿಗೆ ಕೇಳುವಂತೆ.

ದಿಬ್ಬದ ಮೇಲೀಗ ಕಾಂಕ್ರೀಟಿನ ನಾಲ್ಕು ಪಾದ.
ಕಲ್ಲುಗಳನ್ನು ಬೇಲಿಯಾಚೆ ಒಟ್ಟಿದ್ದಾರೆ, ಅಡಿ ಮೇಲಾಗಿ.
ಐಯೋನ್ ಮಳೆಗೆ ಕಾಯುತ್ತಿದ್ದಾಳೆ.
ಮೊಣಕಾಲು ಕೇಳೋದಿಲ್ಲ, ಈ ಸಲ
ಎತ್ತೋಕೆ ನೀನು ಬರ್ತೀಯಾ, ಅಂದಳು ಫೋನಿನಲ್ಲಿ.
ಓ, ಅಂದೆ.
ರಬ್ಬರ್ ಬೂಟು ಕೊಳ್ಳಬೇಕು.