ಬಹುದು

ಮೂಡಿಗೆರೆ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರ್ತಿ.
ಹದಿನಾರು ವರ್ಷದಲ್ಲಿ ಬೇಲಿ, ಕಾಲುದಾರಿ, ಚೆಕ್ ಬೌನ್ಸು,
ಒಮ್ಮೆ ಒಂದು ಹೋರಿಯ ಮಾಲೀಕತ್ವ.
ಗುಡ್ಡದ ಕೇಸು ಇದೇ ಮೊದಲು.

ಗುಡ್ಡ ಆರೋಪಿಯಲ್ಲ.
ಕಟಕಟೆಯಲ್ಲಿ ನಿಂತವರು ಭೂವಿಜ್ಞಾನಿ ಇಂದುಧರ,
ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ.
ಗುಡ್ಡದ ಬುಡ ಬಗೆದ ಜೆಸಿಬಿಯ ಹೆಸರು
ಆರೋಪಪಟ್ಟಿಯ ಯಾವ ಪುಟದಲ್ಲೂ ಇಲ್ಲ;
ನಕಲು ತೆಗೆದವಳು ನಾನೇ, ಗೊತ್ತು.

ಸರ್ಕಾರಿ ವಕೀಲರು ವರದಿ ಓದಿದರು, ನಿಶಾನೆ ಪಿ-ನಾಲ್ಕು:
“ವಾರದಲ್ಲಿ ಇಪ್ಪತ್ತು ಇಂಚು ದಾಟಿದರೆ
ಲೈನ್ ಮನೆಗಳ ಮೇಲಿನ ಇಳಿಜಾರು ಜಾರಬಹುದು.”
ಬಹುದು! ಎಂದು ಮೇಜು ಕುಟ್ಟಿದರು,
ಏಳು ಹೆಣಕ್ಕೆ, ಸ್ವಾಮಿ, ಒಂದು ಬಹುದು!
ಜಾರುತ್ತದೆ ಅಂತ ಬರೆಯೋಕೆ ಎಷ್ಟು ಶಾಯಿ ಬೇಕಿತ್ತು?

ನನಗೆ ಹೈಸ್ಕೂಲಿನ ಸಣ್ಣರಂಗಯ್ಯ ಮೇಷ್ಟ್ರು ನೆನಪಾದರು.
ಹಿಂದಿನವರ ಕನ್ನಡದಲ್ಲಿ ಬಹುದು ಅಂದರೆ ಬರುವುದು ಕಣ್ರೇ, ಅನ್ನೋರು,
ಅನುಮಾನ ಆಮೇಲೆ ಅಂಟಿಕೊಂಡಿದ್ದು.
ಇದನ್ನು ಹೇಳುವ ಹಾಗಿಲ್ಲ.
ಬೆರಳಚ್ಚುಗಾರ್ತಿ ಸಾಕ್ಷಿ ನುಡಿಯುವ ಕಲಂ ಇಲ್ಲ.

ಹನ್ನೊಂದನೇ ಸಾಕ್ಷಿ ಫಿಲೋಮಿನಾ ಲೋಬೊ, ಎಸ್ಟೇಟ್ ಕೂಲಿ.
ಗಂಡ, ಅತ್ತೆ, ಎರಡನೇ ಮಗ.
ಪಾಟಿ ಸವಾಲು:
ಹಿಂದಿನ ವರ್ಷ ಇದೇ ಆರೋಪಿಯ ಮಾತಿಗೆ ಲೈನ್ ಖಾಲಿ ಮಾಡಿಸಿದ್ದರು ಎಂದರೆ ಸರಿ.
ಒಂಬತ್ತು ದಿನ ಶಾಲೆಯ ಗಂಜಿಕೇಂದ್ರದಲ್ಲಿದ್ದೆವು ಎಂದರೆ ಸರಿ.
ಗುಡ್ಡ ಅಲ್ಲಾಡಲಿಲ್ಲ ಎಂದರೆ ಸರಿ.
ಅಷ್ಟು ದಿನದ ಸಂಬಳ ಹೋಯಿತು ಎಂದರೆ ಸರಿ.
ಆಮೇಲೆ ಆರೋಪಿಯ ಜೀಪಿಗೆ ಸಗಣಿ ಎಸೆದವರಲ್ಲಿ ನಾನೂ ಇದ್ದೆ ಎಂದರೆ…
ಆಕೆ ಸೆರಗಿನ ತುದಿ ನೋಡಿಕೊಂಡಳು.
ಸರಿ.

“ಹಾಗಾದರೆ ಈ ಸಲ ‘ಜಾರುತ್ತದೆ’ ಅಂತಲೇ ಬರೆದಿದ್ದರೆ
ಮನೆ ಬಿಡುತ್ತಿದ್ದಿರಾ?”

ಫ್ಯಾನು ತಿರುಗುತ್ತಿತ್ತು.
“ಉತ್ತರಿಸಲಿಲ್ಲ ಅಂತ ಬರ್ಕೊಳ್ಳಮ್ಮ,” ಸಾಹೇಬರೆಂದರು.
ಬರೆದುಕೊಂಡೆ.

ಆಗ ಆಕೆ ವಕೀಲರನ್ನು ಬಿಟ್ಟು ಕಟಕಟೆಯ ಕಡೆ ತಿರುಗಿ,
ಬಸ್ಸಿನ ಹೊತ್ತು ಕೇಳುವವಳ ಹಾಗೆ:
“ಶೆಡ್ ಹಾಕಿಕೊಟ್ಟಿದ್ದಾರೆ ಸಾರ್, ತೊರೆಯ ಆಚೆ ಬದಿ.
ಈ ವರ್ಷ ಹೇಗೆ?”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
“ಇದು ದಾಖಲೆಗೆ ಬೇಡ.”
ಇಂದುಧರ ಕನ್ನಡಕ ತೆಗೆದರು, ದಾರ ಬಿಗಿದರು,
ಬಾಯಿ ತೆರೆದರು.

ನನ್ನ ಬೆರಳು ಆಗಲೇ
‘ಬ’ದ ಮೇಲಿತ್ತು.